ಕಣ್ಣು ಮುಚ್ಚಿ ಕೇಳಿದ ಹೋರಿಯ ನಡಿಗೆ

ಓದಲು ಕೂತ ಎಲ್ಲರಿಗೂ ನಮಸ್ಕಾರ. ನಾನು ಹತ್ತನೇ ತರಗತಿ ಪಾಸಾಗುವ ಹೊತ್ತಿಗೆ ತಲೆಯಲ್ಲಿ ಬಿಳಿ ಕೂದಲು ಬಂದಿತ್ತು. ಈಗಲೂ ಒಂದೇ ಬೆರಳಿನಲ್ಲಿ ಅಕ್ಷರ ಹುಡುಕಿ ಹುಡುಕಿ ಒತ್ತುತ್ತೇನೆ. ಎಲ್ಲಾದರೂ ಒತ್ತಕ್ಷರ ಜಾರಿದ್ದರೆ, ಹಿಂದೆ ಹೇಳಬೇಕಾದ್ದು ಮುಂದೆ ಬಂದಿದ್ದರೆ ದಯವಿಟ್ಟು ಹೊಟ್ಟೆಗೆ ಹಾಕಿಕೊಳ್ಳಿ.

ತೊಂಬತ್ತರ ದಶಕದ ನಡುವಿನ ಮಾತು. ಆಗ ನಾನು ಶಿಕಾರಿಪುರದ ಬಸ್ ಸ್ಟ್ಯಾಂಡಿನಲ್ಲಿ ಖಾಸಗಿ ಬಸ್ಸುಗಳ ಏಜೆಂಟ್. "ಶಿರಾಳಕೊಪ್ಪ, ಸೊರಬ, ಸೊರಬ" ಎಂದು ಕೂಗಿ ಜನ ಹತ್ತಿಸುವುದು ನನ್ನ ಕೆಲಸ. ಬೆಂಗಳೂರಿನಿಂದ ಬೆಳಿಗ್ಗೆ ಬರುವ ಬಸ್ಸಿನ ಡ್ರೈವರ್ ವಾರಕ್ಕೊಮ್ಮೆ ಒಂದು ತೆಳ್ಳನೆಯ ಪುಸ್ತಕ ಕೊಡುತ್ತಿದ್ದ. ಅದನ್ನು ಎದುರಿನ ಹೋಟೆಲಿನ ಮೂಲೆ ಬೆಂಚಿಗೆ ಮುಟ್ಟಿಸುವುದು ನನ್ನ ಪಾಲಿಗೆ ಬಂದಿತ್ತು. ಅದು ಕುದುರೆ ರೇಸಿನ ಪುಸ್ತಕ. ಆ ಬೆಂಚಿನ ಮೇಲೆ ಕೂರುತ್ತಿದ್ದವರು ಒಂದು ಕಾಲದಲ್ಲಿ ಬೆಂಗಳೂರಿನಲ್ಲಿ ರೇಸ್ ಕುದುರೆ ಓಡಿಸುತ್ತಿದ್ದ ಜಾಕಿ.

ಊರೆಲ್ಲ ಅವರನ್ನು ಜಾಕಿ ಎಂದೇ ಕರೆಯುತ್ತಿತ್ತು. ನಾನು ಅಣ್ಣಾ ಎನ್ನುತ್ತಿದ್ದೆ. ನನ್ನ ಭುಜದಷ್ಟು ಎತ್ತರ, ಒಣಗಿದ ಕೈಕಾಲು, ಆದರೆ ಕೈ ಕುಲುಕಿದರೆ ನನ್ನ ಬೆರಳು ನೋಯುತ್ತಿದ್ದವು. ಎಡಗಾಲು ಕುಂಟು. ಈಸೂರಿನ ಕಡೆಯ ಕುರಿ ಸಾಕುವ ಮನೆಯವರು. ಹದಿನಾಲ್ಕನೇ ವಯಸ್ಸಿನಲ್ಲಿ ಕುರಿ ತುಂಬಿದ ಲಾರಿಯಲ್ಲಿ ಬೆಂಗಳೂರಿಗೆ ಹೋದವರು ಅಲ್ಲಿಯೇ ಒಂದು ಕುದುರೆ ಲಾಯದಲ್ಲಿ ಲದ್ದಿ ಬಾಚಲು ನಿಂತರಂತೆ. ಮೈ ಹಗುರ ಇದ್ದದ್ದಕ್ಕೆ ಒಂದು ದಿನ ಕುದುರೆ ಮೇಲೆ ಕೂರಿಸಿದರಂತೆ.

ಅವರು ಊಟ ಮಾಡುವುದನ್ನು ನೋಡುವುದೇ ನನಗೆ ಒಂದು ಸೋಜಿಗ. ಇಡ್ಲಿ ತಟ್ಟೆ ಬಂದರೆ ಒಂದನ್ನು ಮುರಿದು ಅರ್ಧ ತಿಂದು, ಉಳಿದದ್ದನ್ನೆಲ್ಲ ನನ್ನ ಕಡೆ ತಳ್ಳುತ್ತಿದ್ದರು.

"ತೂಕ ತಮ್ಮಾ, ತೂಕ."

"ಈಗ ಯಾವ ಕುದುರಿ ಮ್ಯಾಲೆ ಕುಂದ್ರಬೇಕು ಅಣ್ಣಾ?"

"ಅದು ನನಗೆ ಗೊತ್ತೈತಿ. ಹೊಟ್ಟಿಗೆ ಯಾರು ಹೇಳಬೇಕು?"

ಅಡಿಕೆ ವ್ಯಾಪಾರಿಗಳು, ಲಾರಿ ಮಾಲೀಕರು ಬಂದು ಅವರ ಪಕ್ಕ ಕೂತು ಟೀ ಹೇಳುತ್ತಿದ್ದರು. ಜಾಕಿ ಪುಸ್ತಕದ ಮೇಲೆ ಬೆರಳು ಆಡಿಸಿ, "ಮೂರನೇ ರೇಸು, ಏಳನೇ ನಂಬರು. ಮಳೆ ಬಂದ್ರೆ ಬ್ಯಾಡ" ಎನ್ನುತ್ತಿದ್ದರು. ಕೇಳಿದವರು ಎದ್ದು, ಬೆಂಗಳೂರಿಗೆ ಫೋನ್ ಮಾಡಿ ದುಡ್ಡು ಕಟ್ಟಿಸಲು ಎಸ್‌ಟಿಡಿ ಬೂತಿಗೆ ಓಡುತ್ತಿದ್ದರು. ಹೇಳಿದ್ದು ಎಷ್ಟೋ ಸಲ ಫಲಿಸುತ್ತಿತ್ತು. ಇಲ್ಲದಿದ್ದರೆ ಅವರು ಮತ್ತೆ ಬಂದು ಟೀ ಕುಡಿಸುತ್ತಿರಲಿಲ್ಲ. ಜಾಕಿ ಮಾತ್ರ ತಾವೇ ಎಂದೂ ಆಡಿದವರಲ್ಲ.

ಶಿಕಾರಿಪುರದ ಬೆಂಚಿನಲ್ಲಿ ಕೂತವರಿಗೆ ಬೆಂಗಳೂರಿನ ಕುದುರೆಯ ಕಾಲಿನ ಬಲ ಹೇಗೆ ಗೊತ್ತಾಗುತ್ತದೆ? ಇದು ನನ್ನ ತಲೆ ತಿನ್ನುತ್ತಿತ್ತು. ಒಂದು ದಿನ ಕೇಳಿಯೇ ಬಿಟ್ಟೆ.

"ಪುಸ್ತಕದಾಗೆ ಅರ್ಧ ಗೊತ್ತಾಗ್ತತಿ ತಮ್ಮಾ. ಹಿಂದೆ ಎಷ್ಟು ಓಡೈತಿ, ಮೈ ಮ್ಯಾಲೆ ಎಷ್ಟು ತೂಕ, ಯಾರು ಕುಂತಾರ. ಇನ್ನರ್ಧ ಪ್ಯಾಡಕ್‌ನಾಗೆ. ರೇಸಿಗೆ ಮುಂಚೆ ಕುದುರಿನ ಸುತ್ತು ನಡೆಸಿ ಜನಕ್ಕೆ ತೋರಿಸ್ತಾರಲ್ಲ, ಆ ಜಾಗ. ಅದು ಇಲ್ಲಿ ಕುಂತ್ರೆ ಸಿಗಲ್ಲ. ಅದಕ್ಕೇ ಅರ್ಧ ಸುಳ್ಳಾಗ್ತತಿ."

ಆಗ ನನಗೆ ಬಸ್ಸಿನ ಬೋರ್ಡು ಬಿಟ್ಟರೆ ಬೇರೆ ಓದಲು ಬರುತ್ತಿರಲಿಲ್ಲ. ಜಾಕಿಗೂ ಅಷ್ಟಕ್ಕಷ್ಟೇ. ಆದರೂ ಆ ಪುಸ್ತಕದ ಒಂದು ಸಾಲಿನಲ್ಲಿ ಅವರು ಒಂದು ಕುದುರೆಯ ಇಡೀ ವರ್ಷ ಕಾಣುತ್ತಿದ್ದರು. ಓದುವುದೆಂದರೆ ಏನೋ ಇದೆ ಎಂದು ನನಗೆ ಮೊದಲು ಅನಿಸಿದ್ದು ಅಲ್ಲಿ.

ಕಾಲು ಹೇಗೆ ಮುರಿಯಿತು ಎಂದು ಕೇಳಿದರೆ ಮಾತ್ರ, "ನೆಲ ಸ್ವಲ್ಪ ಬೇಗ ಹತ್ರ ಬಂತು" ಎಂದು ನಕ್ಕು ಸುಮ್ಮನಾಗುತ್ತಿದ್ದರು.

ನಮ್ಮ ಕಡೆ ದೀಪಾವಳಿ ಕಳೆದ ಮೇಲೆ ಊರೂರಿಗೂ ಹೋರಿ ಹಬ್ಬ. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಹೋರಿಯ ಕೊರಳಿಗೆ ಒಣ ಕೊಬ್ಬರಿ ಬಟ್ಟಲುಗಳ ಸರ ಕಟ್ಟಿ, ಕೋಡಿಗೆ ಬಲೂನು, ರಿಬ್ಬನ್ನು ಏರಿಸಿ, ಎರಡೂ ಕಡೆ ಜನ ತುಂಬಿದ ಓಣಿಯಲ್ಲಿ ಬಿಡುತ್ತಾರೆ. ಆ ಓಣಿಗೆ ಅಖಾಡ ಎನ್ನುತ್ತಾರೆ. ಗಟ್ಟಿ ಹುಡುಗರು ಹೋರಿಯ ಮೇಲೆ ಬಿದ್ದು ಕೊಬ್ಬರಿ ಹರಿಯಬೇಕು. ಹೋರಿ ಯಾರ ಕೈಗೂ ಸಿಗದೆ ದಾಟಬೇಕು. ಕೊಬ್ಬರಿ ಹರಿಸಿಕೊಳ್ಳದ ಹೋರಿಯ ಮನೆಯವರು ಆಮೇಲೆ ವರ್ಷವೆಲ್ಲ ಎದೆ ಮುಂದಿಟ್ಟು ನಡೆಯುತ್ತಾರೆ.

ಒಂದು ವರ್ಷ ಈಸೂರಿನ ಹತ್ತಿರದ ಹಳ್ಳಿಯವರು ಜಾಕಿಯನ್ನು ಮೈಕಿನ ಮುಂದೆ ಕೂರಿಸಿದರು. ರೇಸು ಬಲ್ಲವರು, ಯಾವ ಹೋರಿ ಹೇಗೆ ಓಡುತ್ತದೆ ಎಂದು ಮೊದಲೇ ಹೇಳಲಿ ಎಂದು. ಒಂದು ಕರಿ ಹೋರಿ ಬಂತು. ಕೊರಳು, ಎದೆ ಎಲ್ಲ ಒದ್ದೆ, ಪಳಪಳ. ಜಾಕಿ ಮೈಕಿನಲ್ಲಿ, "ಇದು ನಿಂತಲ್ಲೇ ಬೆವತೈತಿ. ಹೆದರೈತಿ. ಓಡಲ್ಲ" ಎಂದುಬಿಟ್ಟರು. ರೇಸ್ ಕುದುರೆ ಓಡುವ ಮೊದಲೇ ಹಾಗೆ ಬೆವೆತರೆ ಅದರ ಕಥೆ ಮುಗಿಯಿತಂತೆ.

ಕರಿ ಹೋರಿ ಹೋದ ದಾರಿಯಲ್ಲಿ ಧೂಳು ಮಾತ್ರ ಕಂಡಿತು.

"ಜಾಕೀ, ಅದು ಬೆವರಲ್ರೀ, ಎಣ್ಣಿ! ಬೆಳಿಗ್ಗೆ ಕಾಲುವ್ಯಾಗೆ ಮೈ ತೊಳ್ಸಿ ಎಣ್ಣಿ ಹಚ್ಚೀವಿ!" ಎಂದು ಮಾಲೀಕ ಕೂಗಿದ. ಜನ ಬಿದ್ದು ಬಿದ್ದು ನಕ್ಕರು. "ನಮ್ಮಜ್ಜಿ ತಲೀಗೂ ಹಚ್ಚೈತಿ, ಆಕಿ ಓಡ್ತಾಳಾ ಹೇಳ್ರೀ" ಎಂದು ಇನ್ನೊಬ್ಬ. ಬೇರೆ ಯಾರಾದರೂ ಆಗಿದ್ದರೆ ಮುಖ ಮುಚ್ಚಿಕೊಂಡು ಬಸ್ಸು ಹತ್ತುತ್ತಿದ್ದರು. ಜಾಕಿ ಕುಂಟುತ್ತಾ ಹೋಗಿ, ಹೋರಿಯ ಕೊರಳಿಗೆ ಬೆರಳು ಹಚ್ಚಿ ಮೂಸಿ ನೋಡಿ, ಮಾಲೀಕನನ್ನೇ ಕೇಳಿದರು: "ಹಂಗಾದ್ರೆ ದನ ಎಲ್ಲಿ ಬೆವರ್ತತ್ರೀ?"

ಅಂದಿನಿಂದ ಒಂದು ವರ್ಷ ಅವರು ದನದ ಸಂತೆ ತಪ್ಪಿಸಲಿಲ್ಲ. ಬಿಡುವಿದ್ದಾಗ ನಾನೂ ಜೊತೆಗೆ. ಕೊಳ್ಳುವುದಿಲ್ಲ, ಮಾರುವುದಿಲ್ಲ, ಸುಮ್ಮನೆ ನೋಡುವುದು. ದನದ ಮೂಗಿನ ಮೇಲೆ ಹನಿ ನಿಂತಿದ್ದರೆ ಆರೋಗ್ಯ, ಮೂಗು ಒಣಗಿದ್ದರೆ ಜ್ವರ ಎಂಬುದನ್ನು ಒಬ್ಬ ಮುದುಕಿಯ ಬಳಿ ಕಲಿತು ಮಕ್ಕಳಂತೆ ಖುಷಿಪಟ್ಟರು. ದಲ್ಲಾಳಿಗಳು ಚೇಷ್ಟೆ ಮಾಡುತ್ತಿದ್ದರು. "ಏನ್ ಜಾಕೀ, ಎಮ್ಮಿ ರೇಸಿಗೂ ಟಿಪ್ಸ್ ಕೊಡ್ತೀರೇನು?" ಇವರು ಅದಕ್ಕೂ, "ಕೊಡ್ತೀನ್ರೀ, ಮೊದ್ಲು ಮೂಗು ನೋಡಬೇಕು" ಎನ್ನುತ್ತಿದ್ದರು.

ಮುಂದಿನ ಹಬ್ಬಕ್ಕೆ ನಾನೇ ಅವರನ್ನು ಸೊರಬದ ಆಚೆಯ ನನ್ನ ಸೋದರಮಾವನ ಊರಿಗೆ ಕರೆದುಕೊಂಡು ಹೋದೆ. ಮಾವನ ಹೋರಿಗೆ ಹಬ್ಬದಲ್ಲಿ ಕೂಗಲು ಒಂದು ದೊಡ್ಡ ಬಿರುದಿತ್ತು. ಮನೆಯಲ್ಲಿ ಮಾತ್ರ ಅದು ಕೂಸು. ನಾಲ್ಕು ವರ್ಷ ಯಾವ ಊರಿನ ಹುಡುಗರೂ ಅದರ ಕೊಬ್ಬರಿ ಮುಟ್ಟಿರಲಿಲ್ಲ. ಮಾವನಿಗೆ ಮಕ್ಕಳಿರಲಿಲ್ಲ. ಸೊರಬದ ಪೇಟೆಗೆ ಭತ್ತ ಹೊತ್ತು ಹೋದರೆ ಅವನನ್ನು "ಆ ಹೋರಿಯವ್ರು" ಎಂದೇ ಜನ ಗುರುತಿಸುತ್ತಿದ್ದರು. ಅವನು ಜಾಕಿಯನ್ನು ಕರೆಸಿದ್ದು ಸಲಹೆಗಲ್ಲ. ಮೈಕಿನಲ್ಲಿ ನಾಲ್ಕು ಮಾತು ಹೊಗಳಲಿ ಎಂದು.

ಬೆಳಿಗ್ಗೆ ಹೋಗಿ ಇಳಿದಾಗ ಅತ್ತೆ ಅಂಗಳದಲ್ಲಿ ಕೊಬ್ಬರಿ ಸರ ಪೋಣಿಸುತ್ತಿದ್ದಳು. "ಬಾ ಮಾರಾಯ. ನಿಮ್ಮ ಮಾವಂಗೆ ನನ್ನ ಮಂಡಿ ನೋವು ಕಾಣಲ್ಲ. ಅದರ ಗೊರಸಿಗೆ ಒಂಚೂರು ಮಣ್ಣು ಮೆತ್ತಿದ್ರೆ ಕಾಣ್ತದೆ."

ಮಾವ ಕೂಸನ್ನು ಹೊರಗೆ ತಂದ. ಬಿಳಿ ಹೋರಿ. ಮೂಗಿನ ಮೇಲೆ ಹನಿ ನಿಂತಿತ್ತು. ನಾನೂ ಅದನ್ನೇ ನೋಡಿ ಸರಿ ಎಂದುಕೊಂಡೆ. ಜಾಕಿ ಸುತ್ತ ಒಂದು ಸಲ ತಿರುಗಿದರು. ಮತ್ತೊಂದು ಸಲ ತಿರುಗಿದರು. "ಯಜಮಾನ್ರೇ, ಒಂಚೂರು ಟಾರು ರಸ್ತಿ ಮ್ಯಾಲೆ ನಡೆಸ್ತೀರಾ?"

ರಸ್ತೆಗೆ ಹೋದೆವು. ಮಾವ ಹಗ್ಗ ಹಿಡಿದು ನಡೆಸಿದ. ಜಾಕಿ ಮೈಲಿಗಲ್ಲಿನ ಮೇಲೆ ಕೂತು ಎರಡೂ ಕಣ್ಣು ಮುಚ್ಚಿಕೊಂಡರು. ಹೋರಿ ಹೋಗಿ ತಿರುಗಿ ಬಂತು. ಅವರು ಕಣ್ಣು ಬಿಟ್ಟು ಹೇಳಿದರು: "ಇವತ್ತು ಬಿಡಬ್ಯಾಡ್ರಿ ಇದನ್ನ. ಬಲಗಡೆ ಮುಂದಿನ ಕಾಲು ಪೂರಾ ಊರ್ತಾ ಇಲ್ಲ."

ಮಾವನ ಮುಖ ಕೆಂಪಾಯಿತು. "ಏನಳಿಯಾ, ಎಂಥವರನ್ನ ಕರ್ಕಂಡ್ ಬಂದೆ? ಹೋದ ವರ್ಷ ಎಣ್ಣೆ ನೋಡಿ ಬೆವರು ಅಂದೋರು ಇವ್ರೇ ಅಲ್ಲನಾ?"

"ನಾನೇ ರೀ," ಎಂದರು ಜಾಕಿ. "ಅವತ್ತು ಕಣ್ಣಾಗೆ ನೋಡಿದ್ದೆ. ಇವತ್ತು ಕಿವ್ಯಾಗೆ ಕೇಳೀನಿ. ಕಣ್ಣು ಹೋರಿ ಹೆಸರು ನೋಡಿಬಿಡ್ತತಿ. ಕಿವಿಗೆ ಅದು ಗೊತ್ತಾಗಲ್ಲ."

"ನಾಲ್ಕು ವರ್ಷ ಗೆದ್ದದ್ದು. ಇವತ್ತು ಕಟ್ಟಿ ಹಾಕಿದ್ರೆ ಹೆದರಿದ ಅಂತಾರೆ. ನಾನು ಪೇಟೇಲಿ ತಲೆ ಎತ್ತಿ ತಿರುಗದು ಬ್ಯಾಡನಾ?"

ನನಗೆ ನೆಲ ಬಾಯಿ ಬಿಡಬಾರದೇ ಎನಿಸಿತು. ಆಗ ಜಾಕಿ ತಮ್ಮ ಎಡಗಾಲಿನ ಪ್ಯಾಂಟು ಮಂಡಿಯವರೆಗೆ ಎತ್ತಿದರು. ಅಷ್ಟು ವರ್ಷ ಜೊತೆಗಿದ್ದ ನಾನೂ ಆ ಕಾಲನ್ನು ನೋಡಿರಲಿಲ್ಲ. ಕಣಕಾಲಿನ ನಡುವೆ ಹೊಲಿಗೆಯ ಗುರುತು, ಮೂಳೆ ಒಂದು ಕಡೆ ಉಬ್ಬಿ ನಿಂತಿತ್ತು.

"ಇದು ಮುರಿದ ದಿನ ಬೆಳಿಗ್ಗೆ ಲಾಯದಾಗೆ ಇಂಥದೇ ಸದ್ದು ಕೇಳಿದ್ದೆ. ಮೂರು ಕಾಲು ಒಂಥರ, ಒಂದು ಕಾಲು ಒಂಥರ. ಹೇಳಿದ್ರೆ ಆ ಕುದುರಿ ನಿಲ್ಲಿಸ್ತಿದ್ರು, ನನ್ನ ಸವಾರಿ ಹೋಗ್ತಿತ್ತು. ದೊಡ್ಡ ರೇಸು. ಸುಮ್ನಿದ್ದೆ."

"ಕುದುರೆ ಏನಾತು?" ಮಾವ ಕೇಳಿದ.

"ನಾನು ಎದ್ದೆ. ಅದು ಏಳಲಿಲ್ಲ."

ಆಮೇಲೆ ಮಾವ ಹಗ್ಗವನ್ನು ನನ್ನ ಕೈಗೆ ಕೊಟ್ಟ. "ನೀ ನಡ್ಸು" ಎಂದು ಜಾಕಿ ಕೂತಿದ್ದ ಜಾಗದಲ್ಲಿ ತಾನು ಕೂತು ಕಣ್ಣು ಮುಚ್ಚಿದ. ನಾನು ಹೋರಿಯನ್ನು ಒಂದು ಕೂಗಳತೆ ನಡೆಸಿ ತಿರುಗಿಸಿಕೊಂಡು ಬಂದೆ. ನನಗೆ ಏನೂ ಕೇಳಿಸಲಿಲ್ಲ. ಮಾವ ಕಣ್ಣು ಬಿಡದೆ, "ಇನ್ನೊಂದು ಸಲ" ಎಂದ. ಇನ್ನೊಂದು ಸಲ ನಡೆಸಿದೆ. ಅವನು ಕಣ್ಣು ಬಿಟ್ಟು ಹೋರಿಯನ್ನು ನೋಡಲಿಲ್ಲ, ನೆಲ ನೋಡಿದ. ಮನೆಗೆ ಬಂದು ಅತ್ತೆಗೆ ಹೇಳಿದ: "ಸರ ಕಟ್ಟು. ಬಲೂನು ಬ್ಯಾಡ."

ಬಿಡುತ್ತಾನೋ ಇಲ್ಲವೋ ನಮಗೆ ತಿಳಿಯಲಿಲ್ಲ. ಕೇಳುವ ಧೈರ್ಯವೂ ಇರಲಿಲ್ಲ.

ಮಧ್ಯಾಹ್ನ ಅಖಾಡದಲ್ಲಿ ಕೂಸಿನ ಬಿರುದು ಕೂಗಿದಾಗ ಓಣಿಯ ಎರಡೂ ಕಡೆ ಶಿಳ್ಳೆ. ಪಕ್ಕದ ಊರಿನ ಹುಡುಗರು ಅಂಗಿ ಬಿಚ್ಚಿ ಸೊಂಟಕ್ಕೆ ಟವೆಲು ಬಿಗಿದು ಸಾಲಾಗಿ ನಿಂತಿದ್ದರು. ಜಾಕಿ ಮೈಕಿನ ಹತ್ತಿರ ಕೂತಿದ್ದರೂ ಬಾಯಿ ತೆರೆಯಲಿಲ್ಲ. ಮಾವ ಹೋರಿಯನ್ನು ತಂದ. ಹಗ್ಗ ಬಿಚ್ಚಲಿಲ್ಲ. ಹೋರಿಯ ಪಕ್ಕದಲ್ಲಿ ತಾನೂ ನಡೆಯುತ್ತಾ, ಮದುಮಗನನ್ನು ಕರೆತಂದಂತೆ ಮೆಲ್ಲಗೆ ಓಣಿಯ ನಡುವೆ ಬಂದ.

"ಏನ್ ಯಜಮಾನ್ರೇ, ವಾಕಿಂಗಾ?" ಎಂದು ಒಬ್ಬ ಕೂಗಿದ. "ನಿಮ್ಮ ಹೋರಿಗೆ ವಯಸ್ಸಾತಾ, ನಿಮಗಾ?" ಎಂದು ಇನ್ನೊಬ್ಬ. ಎಲ್ಲರೂ ಹೋ ಎಂದರು.

ಮಾವ ಓಣಿಯ ನಟ್ಟನಡುವೆ ನಿಂತ. ಹೋರಿಯ ಕೊರಳಿಗೆ ಕೈ ಹಾಕಿ ಕೊಬ್ಬರಿ ಸರವನ್ನು ತಾನೇ ಕಿತ್ತ. ಬಟ್ಟಲುಗಳು ನೆಲಕ್ಕೆ ಉದುರಿದವು. ಅವನ್ನು ಒಂದೊಂದಾಗಿ ಆರಿಸಿ ಆ ಹುಡುಗರ ಕೈಗೇ ಕೊಡುತ್ತಾ ಹೇಳಿದ: "ತಗಳ್ರಪ್ಪ. ಇದರ ಕೊಬ್ಬರಿ ಹರಿದೋನು ನಾನೊಬ್ಬನೇ ಅಂತ ನೆನಪಿಟ್ಕಳ್ರಿ."

ಮೊದಲ ಬಟ್ಟಲು ತೆಗೆದುಕೊಂಡ ಹುಡುಗ ನಗುತ್ತಿದ್ದವನು ನಗು ನಿಲ್ಲಿಸಿ ಅದನ್ನು ಕಣ್ಣಿಗೆ ಒತ್ತಿಕೊಂಡ. ಶಿಳ್ಳೆ ಅಲ್ಲಲ್ಲಿ ನಿಂತಿತು. ಎಲ್ಲ ನಿಲ್ಲಲಿಲ್ಲ. ಹೆದರಿದ ಎಂದವರು ಅಂದರು, ಮುಂದೆ ಎಷ್ಟೋ ದಿನ ಪೇಟೆಯಲ್ಲಿಯೂ ಅಂದರು. ಅದನ್ನು ಮುಚ್ಚಿಡುವುದಿಲ್ಲ.

ವಾಪಸು ಬರುವ ಬಸ್ಸಿನಲ್ಲಿ ಜಾಕಿ ಕಿಟಕಿಗೆ ತಲೆ ಕೊಟ್ಟು ಕೂತಿದ್ದರು. ಶಿರಾಳಕೊಪ್ಪ ದಾಟುವವರೆಗೆ ತಡೆದು ಕೊನೆಗೆ ಕೇಳಿದೆ.

"ಅಣ್ಣಾ, ಖರೇವಂದ್ರೂ ಅದರ ಕಾಲು ಕೆಟ್ಟಿತ್ತಾ?"

"ಕೇಳಿದ್ದು ಖರೇ. ಕೆಟ್ಟಿತ್ತೋ ಇಲ್ಲೋ ಗೊತ್ತಿಲ್ಲ ತಮ್ಮಾ. ಓಡಿಸಿದ್ರೆ ಗೊತ್ತಾಗ್ತಿತ್ತು."

"ಹಂಗಾದ್ರೆ ಇವತ್ತಿನ ಟಿಪ್ಪು ಫಲಿಸ್ತಾ, ಇಲ್ವಾ?"

ಅವರು ನನ್ನ ಕಡೆ ತಿರುಗಿ ಬಹಳ ಹೊತ್ತು ನಕ್ಕರು. "ಇಂಥದ್ದು ಪುಸ್ತಕದಾಗೆ ಬರಲ್ಲ" ಎಂದರು. ಅಂದು ಬಸ್ ಸ್ಟ್ಯಾಂಡಿನಲ್ಲಿ ಇಳಿದು ಇಡ್ಲಿ ತರಿಸಿ, ಮೊದಲ ಬಾರಿಗೆ ಒಂದು ಪೂರಾ ಇಡ್ಲಿ ತಿಂದರು.

ದನದ ಡಾಕ್ಟರು ಬಂದು ನೋಡಿ ಕಾಲಿನಲ್ಲಿ ಏನೂ ಕಾಣುವುದಿಲ್ಲ ಎಂದರಂತೆ. ಕೂಸು ಆಮೇಲೆ ಎಂದೂ ಅಖಾಡಕ್ಕೆ ಇಳಿಯಲಿಲ್ಲ. ಕೊಟ್ಟಿಗೆಯಲ್ಲಿಯೇ ಮುದಿಯಾಯಿತು. ಕುಂಟಿದ್ದನ್ನು ನಾನು ನೋಡಿಲ್ಲ. ಒಂದು ಸಲ ಮಾವನನ್ನೇ ಕೇಳಿದೆ, ಅಂದು ರಸ್ತೆಯಲ್ಲಿ ನಿನಗೆ ನಿಜವಾಗಿ ಕೇಳಿಸಿತೇ ಎಂದು. ಅವನು ಹೋರಿಯ ಬೆನ್ನು ಸವರುತ್ತಾ, "ಕೇಳ್ತೋ ಬಿಡ್ತೋ, ಆ ಕಾಲು ನೋಡಿದ ಮೇಲೆ ಬಿಡಾಕೆ ಮನಸ್ಸು ಬರಲಿಲ್ಲ" ಎಂದ. ಯಾವ ಕಾಲು ಎಂದು ನಾನು ಕೇಳಲಿಲ್ಲ. ನನ್ನ ಕಣ್ಣ ಮುಂದೆ ಬಂದದ್ದು ಹೋರಿಯದಲ್ಲ, ಮೈಲಿಗಲ್ಲಿನ ಮೇಲೆ ಕೂತವರದು.

ಜಾಕಿ ಈಗಿಲ್ಲ. ಟಾರು ರಸ್ತೆಯಲ್ಲಿ ಎತ್ತು, ಕುದುರೆ, ಮನುಷ್ಯ ಯಾರು ನಡೆದರೂ ನಾನು ಒಮ್ಮೆ ಕಣ್ಣು ಮುಚ್ಚಿ ನೋಡುತ್ತೇನೆ. ಇನ್ನೂ ಏನೂ ಕೇಳಿಸಿಲ್ಲ. ನಿಮ್ಮ ಕಡೆಯೂ ದನವನ್ನೋ ಕುದುರೆಯನ್ನೋ ಸದ್ದಿನಲ್ಲಿಯೇ ತಿಳಿಯುವವರು ಇದ್ದರೇ? ಅವರು ಬೇಡ ಎಂದದ್ದಕ್ಕೆ ಗೆಲ್ಲುವ ಆಟವನ್ನು ಬಿಟ್ಟು ಬಂದವರು ನಿಮ್ಮ ಮನೆಯಲ್ಲಿ ಯಾರಾದರೂ ಇದ್ದರೇ? ಇದ್ದರೆ ಬರೆದು ತಿಳಿಸಿ. ನಾನು ಓದುವುದು ನಿಧಾನ, ಆದರೆ ಒಂದು ಅಕ್ಷರ ಬಿಡದೆ ಓದುತ್ತೇನೆ.