ತೂಗಿ ಆರಿಸಿದ ಆಡಿಟರ್

ಬೆಳಿಗ್ಗೆ ಒಂಬತ್ತೂಕಾಲಿಗೆ ತಕ್ಕಡಿಯಮ್ಮ ಐದು ಕಿಲೋದ ಹಿತ್ತಾಳೆಯ ತೂಕವನ್ನು ಎರಡೂ ಕೈಯಿಂದ ಎತ್ತಿ, ತೂಕದ ಯಂತ್ರದ ತಟ್ಟೆಯ ಒಂದು ಮೂಲೆಯಲ್ಲಿಟ್ಟರು. ಅಂಕಿ ನಿಲ್ಲುವವರೆಗೆ ಕಾದು, ಬರೆದುಕೊಂಡು, ಎರಡನೇ ಮೂಲೆಗೆ ಸರಿಸಿದರು. ಹೀಗೆ ನಾಲ್ಕೂ ಮೂಲೆ. ಮೂರರಲ್ಲಿ ಸರಿಯಾಗಿ ಐದು ಕಿಲೋ ತೋರಿಸಿದ ಯಂತ್ರ ನಾಲ್ಕನೆಯದರಲ್ಲಿ ಹದಿನೆಂಟು ಗ್ರಾಂ ಕಡಿಮೆ ತೋರಿಸಿತು. ಬೇಕರಿಯವನು ಹಿಂದಿನ ದಿನ ಅದನ್ನು ತಂದಿಟ್ಟು, ಚೆನ್ನಾಗೇ ಇದೆ, ಸುಮ್ಮನೆ ಒಮ್ಮೆ ನೋಡಿ ಎಂದು ಹೇಳಿ ಹೋಗಿದ್ದ.

"ನಡುವೆ ಇಟ್ರೆ ಎಲ್ಲಾ ಯಂತ್ರಾನೂ ಸತ್ಯಾನೇ ಹೇಳೋದು. ಮೂಲೇಲಿ ಇಟ್ಟಾಗ ಗೊತ್ತಾಗುತ್ತೆ," ಎಂದರು ತಕ್ಕಡಿಯಮ್ಮ.

ಎದುರಿನ ಮೇಜಿನಲ್ಲಿ ಸ್ಕ್ರೂ ಬಿಚ್ಚುತ್ತಿದ್ದ ಭಾವ ತಲೆ ಎತ್ತಲಿಲ್ಲ. "ಈ ಮಾತು ಹತ್ತೊಂಬತ್ತು ವರ್ಷದಿಂದ ಕೇಳ್ತಿದೀನಿ ತಾಯಿ. ಇವತ್ತು ಯಾರ ಮೇಲೆ?"

"ಆಡಿಟರ್ ಮೇಲೆ."

ತಕ್ಕಡಿಯಮ್ಮನಿಗೆ ಐವತ್ತಮೂರು ವರ್ಷ. ತೂಕದ ಯಂತ್ರ ರಿಪೇರಿ ಮಾಡುವ ಈ ಎರಡು ಕೋಣೆಯ ಅಂಗಡಿ ಅಪ್ಪನಿಂದ ಬಂದದ್ದು. ತಕ್ಕಡಿಯಮ್ಮ ಎಂಬ ಹೆಸರು ಬೀದಿಯವರು ಇಟ್ಟದ್ದು. ಭಾವ ಎಂದರೆ ಅಕ್ಕನ ಗಂಡ, ಅಂಗಡಿಯ ಏಕೈಕ ಮೆಕ್ಯಾನಿಕ್. ಇತ್ತೀಚೆಗೆ ಕೆಲಸ ಕಡಿಮೆಯಾಗಿತ್ತು. ಹೊಸ ಯಂತ್ರವೇ ಅಗ್ಗಕ್ಕೆ ಸಿಗುವಾಗ ಹಳೆಯದನ್ನು ರಿಪೇರಿಗೆ ತರುವವರು ಯಾರು? ಊರಿನ ದೊಡ್ಡ ಆಸ್ಪತ್ರೆ ತನ್ನ ಅರವತ್ತನಾಲ್ಕು ತೂಕದ ಯಂತ್ರಗಳ ಮೂರು ವರ್ಷದ ನಿರ್ವಹಣೆಗೆ ಟೆಂಡರ್ ಕರೆದಿತ್ತು. ಅದು ಸಿಕ್ಕರೆ ಬಾಡಿಗೆಯೂ ಭಾವನ ಸಂಬಳವೂ ಹುಟ್ಟುತ್ತವೆ. ಸಿಗದಿದ್ದರೆ ಹಿಂದಿನ ಕೋಣೆ ಬಿಡಬೇಕು, ಭಾವನನ್ನು ಮನೆಗೆ ಕಳಿಸಬೇಕು. ಇದನ್ನು ಇಬ್ಬರೂ ಬಾಯಿಬಿಟ್ಟು ಹೇಳಿಕೊಂಡಿರಲಿಲ್ಲ.

ಅರ್ಜಿಯ ಜೊತೆ ಮೂರು ವರ್ಷದ ಲೆಕ್ಕಪತ್ರ ಬೇಕು, ಅದಕ್ಕೆ ಪರವಾನಗಿ ಇರುವ ಆಡಿಟರ್ ಸಹಿ ಬೇಕು. ಹಳೆಯ ಆಡಿಟರ್ ನಿವೃತ್ತರಾಗಿ, ಕಡತಗಳನ್ನೆಲ್ಲ ರಟ್ಟಿನ ಡಬ್ಬದಲ್ಲಿ ಕಟ್ಟಿ ಕಳಿಸಿಬಿಟ್ಟಿದ್ದರು. ಕೊನೆಯ ದಿನಕ್ಕೆ ಇನ್ನು ಇಪ್ಪತ್ತಮೂರು ದಿನವಿತ್ತು.

ಆಡಿಟರನ್ನು ಹುಡುಕುವುದು ಹೇಗೆಂದು ತಕ್ಕಡಿಯಮ್ಮನಿಗೆ ಗೊತ್ತಿರಲಿಲ್ಲ. ಆದರೆ ಯಾವುದನ್ನಾದರೂ ಪರೀಕ್ಷಿಸುವುದು ಹೇಗೆಂದು ಚೆನ್ನಾಗಿ ಗೊತ್ತಿತ್ತು: ತೂಕ ಮೊದಲೇ ಗೊತ್ತಿರುವ ವಸ್ತುವನ್ನು ಅದರ ಮೇಲಿಡಬೇಕು. ಹಾಗಾಗಿ ಉತ್ತರ ಗೊತ್ತಿರುವ ಒಂದು ಪ್ರಶ್ನೆಯನ್ನು ಆರಿಸಿಕೊಂಡರು. ಸಣ್ಣ ಸ್ಕ್ರೂಗಳ ಕೆಲಸಕ್ಕೆಂದು ಭಾವನಿಗೆ ಅಂಗಡಿಯ ದುಡ್ಡಿನಲ್ಲಿ ದಪ್ಪ ಗಾಜಿನ ಕನ್ನಡಕ ಮಾಡಿಸಿದ್ದರು. ಅದನ್ನು ಅಂಗಡಿಯ ಖರ್ಚಿಗೆ ಹಾಕಬಹುದೇ? ಕಣ್ಣು ಮನುಷ್ಯನದು, ಅಂಗಡಿಯದಲ್ಲ, ಹಾಕುವ ಹಾಗಿಲ್ಲ ಎಂದು ಹಳೆಯ ಆಡಿಟರ್ ಹನ್ನೆರಡು ವರ್ಷದ ಹಿಂದೆಯೇ ಹೇಳಿದ್ದರು.

ಮೊದಲನೆಯ ಆಡಿಟರ್ ಭಾವ ಹೇಳಿದವರು, ಮಾರುಕಟ್ಟೆ ರಸ್ತೆಯಲ್ಲಿದ್ದರು. ಪ್ರಶ್ನೆ ಮುಗಿಯುವ ಮೊದಲೇ ಕೈ ಬೀಸಿದರು. "ಹಾಕಿ ಹಾಕಿ. ನಿಮ್ದೂ ಒಂದು ಕನ್ನಡಕ ಇದ್ರೆ ಅದನ್ನೂ ಹಾಕಿ. ಲಾಭ ಎಷ್ಟು ತೋರಿಸ್ಬೇಕು ಹೇಳಿ, ಮಿಕ್ಕಿದ್ದು ನನಗೆ ಬಿಡಿ." ಎರಡನೆಯದು ಗಾಜಿನ ಬಾಗಿಲಿನ ದೊಡ್ಡ ಕಚೇರಿ. ಅಲ್ಲಿ ಆಡಿಟರ್ ಸಿಗಲೇ ಇಲ್ಲ. ಬಿಲ್ಲಿನ ಫೋಟೋ ಕಳಿಸಿದರೆ ಸಾಫ್ಟ್‌ವೇರ್ ತಾನೇ ತೀರ್ಮಾನಿಸುತ್ತದೆ ಎಂದು ಸ್ವಾಗತದ ಹುಡುಗಿ ನಗುನಗುತ್ತಾ ಹೇಳಿದಳು.

ಮೂರನೆಯ ಕಚೇರಿ ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ಮೆಟ್ಟಿಲು ಕಡಿದಾಗಿತ್ತು. ಒಳಗೆ ಎರಡು ಮೇಜು, ಒಂದು ಕಬ್ಬಿಣದ ಬೀರು, ಸುಮಾರು ನಲವತ್ತು ವರ್ಷದ ಒಬ್ಬ ಹೆಂಗಸು. ಪ್ರಶ್ನೆ ಕೇಳಿದ ಮೇಲೆ ಆಕೆ ಪೆನ್ನು ಕೆಳಗಿಟ್ಟರು.

"ಆ ಕನ್ನಡಕ ಹಾಕ್ಕೊಂಡು ಅವರು ಮನೆಗೆ ಹೋಗ್ತಾರಾ?"

"ಇಲ್ಲ. ಅದನ್ನ ಹಾಕ್ಕೊಂಡು ನಡೆದ್ರೆ ಗೋಡೆಗೆ ಗುದ್ದುತ್ತಾರೆ. ಡ್ರಾಯರಲ್ಲೇ ಇರುತ್ತೆ."

"ಹಾಗಾದ್ರೆ ಈಗ್ಲೇ ಹೇಳೋಕಾಗಲ್ಲ. ನಾಳೆ ಓದಿ ಹೇಳ್ತೀನಿ."

ತಕ್ಕಡಿಯಮ್ಮ ಇನ್ನೆರಡು ವಿಷಯ ಕೇಳಿದರು. ತಮ್ಮಂಥ ಅಂಗಡಿಯ ಲೆಕ್ಕ ನೋಡಿದ್ದೀರಾ? ತೂಕದ ಅಂಗಡಿ ಇದೇ ಮೊದಲು, ಗಡಿಯಾರ ರಿಪೇರಿಯವರದೊಂದು ಇದೆ ಎಂದರು ಆಕೆ. ಶುಲ್ಕ ಎಷ್ಟು? ಗಂಟೆಗೆ ಇಷ್ಟೆಂದು ಹೇಳಿ, ಏನೇನು ಮಾಡುತ್ತೇನೆ, ಏನೇನು ಮಾಡುವುದಿಲ್ಲ ಎಂಬುದನ್ನು ಒಂದು ಹಾಳೆಯಲ್ಲಿ ಬರೆದುಕೊಟ್ಟರು. ತಕ್ಕಡಿಯಮ್ಮ ಕೆಳಗಿಳಿದು ಬಂದು, ಔಷಧಿ ಅಂಗಡಿಯ ಮುಂದೆ ನಿಂತೇ ಪರವಾನಗಿ ಕೊಡುವ ಸಂಸ್ಥೆಗೆ ಫೋನು ಮಾಡಿ ಆ ಹೆಸರು ಪಟ್ಟಿಯಲ್ಲಿದೆಯೇ ಎಂದು ವಿಚಾರಿಸಿಕೊಂಡರು. ಇತ್ತು.

ಮರುದಿನ ಉತ್ತರ ಬಂತು. ಹಾಕಬಹುದು. ಕೆಲಸಕ್ಕೆಂದೇ ಮಾಡಿಸಿದ, ಅಂಗಡಿ ಬಿಟ್ಟು ಹೋಗದ ಕನ್ನಡಕವಾದರೆ ಅದು ಸ್ಕ್ರೂಡ್ರೈವರಿನ ಹಾಗೆ ಒಂದು ಉಪಕರಣ. ನಿಯಮದ ಪುಟದ ನಕಲು ಜೊತೆಗಿತ್ತು, ಆ ಸಾಲಿನ ಕೆಳಗೆ ಪೆನ್ಸಿಲಿನ ಗೆರೆ.

ತಕ್ಕಡಿಯಮ್ಮ ಆ ಪುಟವನ್ನು ಎರಡು ಸಲ ಓದಿದರು. ಪರೀಕ್ಷೆಗೆ ಇಡುವ ಹಿತ್ತಾಳೆ ತೂಕಗಳನ್ನು ಎರಡು ವರ್ಷಕ್ಕೊಮ್ಮೆ ಅಳತೆ-ತೂಕದ ಇಲಾಖೆಗೆ ಒಯ್ದು, ಅಲ್ಲಿನ ಮೂಲ ತೂಕದ ಜೊತೆ ಹೋಲಿಸಿ ಮುದ್ರೆ ಹಾಕಿಸಿಕೊಳ್ಳುವುದು ಅವರ ಕಸುಬಿನ ಕಟ್ಟುಪಾಡು. ಹಳೆಯ ಆಡಿಟರ್ ಮಾತನ್ನು ಮಾತ್ರ ಹನ್ನೆರಡು ವರ್ಷ ಯಾವುದರ ಜೊತೆಗೂ ಹೋಲಿಸಿ ನೋಡಿರಲಿಲ್ಲ.

"ಭಾವ, ನಾನು ಇಟ್ಟ ತೂಕಾನೇ ತಪ್ಪಿತ್ತು."

"ಅಂದ್ರೆ ಆ ಮೇಡಂ ಪಾಸಾದ್ರಾ, ನೀನು ಫೇಲಾದ್ಯಾ?"

"ಎರಡೂ."

ತಕ್ಕಡಿಯಮ್ಮ ಕೆಲಸವನ್ನು ಆಕೆಗೇ ಒಪ್ಪಿಸಿ ಪುಸ್ತಕಗಳನ್ನು ಕಳಿಸಿದರು; ಆಡಿಟರ್ ಅಂಗಡಿಗೆ ಬಂದದ್ದು ನಂತರದ ವಾರ. ಪುಸ್ತಕ ನೋಡಿದ್ದಾಯಿತು, ಈಗ ಅಂಗಡಿ ನೋಡಬೇಕು ಎಂದರು. ಹಿಂದಿನ ಕೋಣೆಯ ಕಪಾಟಿನ ಮುಂದೆ ಅವರ ಕಾಲು ನಿಂತಿತು. ಮೂರು ಸಾಲು ತೂಕದ ಯಂತ್ರಗಳು, ಪ್ರತಿಯೊಂದರ ಕುತ್ತಿಗೆಗೂ ದಾರದಲ್ಲಿ ಕಟ್ಟಿದ ಚೀಟಿ.

"ಇವು ಯಾರವು?"

ತಕ್ಕಡಿಯಮ್ಮ ವಿವರಿಸಿದರು. ಯಂತ್ರವಿಲ್ಲದೆ ವ್ಯಾಪಾರಿಗೆ ಒಂದು ದಿನವೂ ನಡೆಯುವುದಿಲ್ಲ. ಅದಕ್ಕೆ ರಿಪೇರಿ ಮುಗಿಯುವವರೆಗೆ ಬದಲಿ ಯಂತ್ರವೊಂದನ್ನು ಕೊಟ್ಟು, ಠೇವಣಿ ಇಟ್ಟುಕೊಳ್ಳುವುದು ಅಪ್ಪನ ಕಾಲದ ಪದ್ಧತಿ. ಕೆಲವರಿಗೆ ಬದಲಿ ಯಂತ್ರವೇ ಒಗ್ಗಿಹೋಗುತ್ತದೆ. ತಮ್ಮದನ್ನು ಒಯ್ಯಲು ಬರುವುದೇ ಇಲ್ಲ. ಹಾಗೆ ಉಳಿದವು ಮೂವತ್ತೇಳು.

"ಠೇವಣಿ ಎಲ್ಲಿದೆ? ಪುಸ್ತಕದಲ್ಲಿ ಕಾಣಿಸ್ಲಿಲ್ಲ."

ಭಾವ ಮೇಲಿನ ಕಪಾಟಿನಿಂದ ಬಿಸ್ಕತ್ತಿನ ಡಬ್ಬವೊಂದನ್ನು ಇಳಿಸಿದರು. ಒಳಗೆ ಲಕೋಟೆಗಳು, ಮೇಲೆ ಹೆಸರು, ತಾರೀಕು. "ಇದು ಜನರ ದುಡ್ಡು ಮೇಡಂ, ನಮ್ದಲ್ಲ. ಅದಕ್ಕೇ ಪುಸ್ತಕಕ್ಕೆ ಸೇರಿಸಿಲ್ಲ. ಒಂದು ಪೈಸೆ ಮುಟ್ಟಿಲ್ಲ."

ಆಡಿಟರ್ ನಗಲಿಲ್ಲ, ಬೈಯಲೂ ಇಲ್ಲ. "ಮುಟ್ಟಿಲ್ಲ ಅಂತ ನೋಡಿದ್ರೇ ಗೊತ್ತಾಗುತ್ತೆ. ಆದ್ರೆ ನಿಮ್ದಲ್ಲ ಅನ್ನೋದನ್ನೇ ಬರೆದು ತೋರಿಸ್ಬೇಕು. ಬರೀದೇ ಇದ್ರೆ ಈ ಡಬ್ಬ ಇಲ್ವೇ ಇಲ್ಲ ಅಂತ ಆಗುತ್ತೆ. ಇನ್ನು ನಿಮ್ಮ ಮೂವತ್ತೇಳು ಬದಲಿ ಯಂತ್ರ ಪುಸ್ತಕದ ಪ್ರಕಾರ ಇನ್ನೂ ಇದೇ ಕೋಣೇಲಿವೆ."

ಲಕೋಟೆ ಎಣಿಸಿದರೆ ಮೂವತ್ತೈದೇ ಇದ್ದವು. ತಕ್ಕಡಿಯಮ್ಮ ಇನ್ನೊಮ್ಮೆ ಎಣಿಸಿದರು. ಭಾವ ಛಾವಣಿ ನೋಡತೊಡಗಿದರು.

"ಭಾವ."

"ನಮ್ಮ ದೊಡ್ಡಪ್ಪನ ಮಗ ಒಬ್ಬ, ಅವನ ಗೆಳೆಯ ಒಬ್ಬ. ಮನೆಯವರ ಹತ್ರ ಠೇವಣಿ ಕೇಳೋಕೆ ನಾಲಿಗೆ ಬರ್ಲಿಲ್ಲ."

"ಅದನ್ನೂ ಹಾಗೇ ಬರ್ಕೊಳ್ತೀನಿ," ಎಂದರು ಆಡಿಟರ್. "ನಾಲಿಗೆ ವಿಷಯ ಬಿಟ್ಟು."

ಈ ಮೂವತ್ತೇಳು ಯಂತ್ರಗಳ ವಿಷಯ ಇತ್ಯರ್ಥವಾಗುವವರೆಗೆ, ಅಥವಾ ಯಾವ್ಯಾವುದು ಇತ್ಯರ್ಥವಾಗಿಲ್ಲ ಎಂಬುದು ಸ್ಪಷ್ಟವಾಗುವವರೆಗೆ ಸಹಿ ಹಾಕುವುದಿಲ್ಲ ಎಂದು ಹೇಳಿ ಅವರು ಹೊರಟರು. ಉಳಿದದ್ದು ಹನ್ನೊಂದು ದಿನ.

ಆ ಸಂಜೆ ಭಾವ ಮಾರುಕಟ್ಟೆ ರಸ್ತೆಯ ಮಾತು ತೆಗೆದರು. "ಅವರ ಹತ್ರ ಕೊಟ್ರೆ ನಾಳೆ ಸಂಜೆಗೆ ಮುದ್ರೆ ಬೀಳುತ್ತೆ. ಡಬ್ಬದ ವಿಷಯ ಅವರು ಕೇಳೋದೂ ಇಲ್ಲ."

"ಕೇಳಲ್ಲ ಅಂತ ಗೊತ್ತು."

"ನನ್ನ ಕೆಲಸ ಹೋಗುತ್ತಲ್ಲ ಅಂತ ಹೇಳ್ತಿಲ್ಲ ನಾನು."

"ಅದೂ ಗೊತ್ತು ಭಾವ." ತಕ್ಕಡಿಯಮ್ಮ ಬಿಸ್ಕತ್ತಿನ ಡಬ್ಬದ ಮುಚ್ಚಳ ಹಾಕಿದರು. "ಆ ಬೇಕರಿ ಯಂತ್ರದ ಹದಿನೆಂಟು ಗ್ರಾಂ ಹಾಗೇ ಬಿಟ್ಟು, ನಾವು ಮುದ್ರೆ ಹಾಕಿ ಕೊಡ್ತಿದ್ವಾ?"

ಮರುದಿನ ಭಾವ ಎಂಟು ಗಂಟೆಗೇ ಬಂದು ಮೊದಲ ಸಾಲಿನ ಚೀಟಿಗಳನ್ನು ಬಿಚ್ಚಿ ಫೋನಿನ ಪಕ್ಕ ಜೋಡಿಸಿದರು.

ಒಂಬತ್ತು ದಿನ ಅವರಿಬ್ಬರೂ ಫೋನು ಮಾಡಿದರು, ಎತ್ತದವರ ಮನೆ ಹುಡುಕಿಕೊಂಡು ಹೋದರು. ಮೀನು ಮಾರುವವನೊಬ್ಬ ಏಳು ವರ್ಷದಿಂದ ಬದಲಿ ಯಂತ್ರದಲ್ಲೇ ತೂಗುತ್ತಿದ್ದ. ತನ್ನದೊಂದು ಯಂತ್ರ ಇತ್ತೆಂಬುದನ್ನೇ ಮರೆತಿದ್ದ. "ಠೇವಣಿ ನೀವೇ ಇಟ್ಕೊಳ್ಳಿ, ಇದನ್ನ ನನಗೆ ಬಿಡಿ" ಎಂದ. ತಕ್ಕಡಿಯಮ್ಮ ಅದನ್ನೇ ಬರೆಸಿ ಸಹಿ ಹಾಕಿಸಿಕೊಂಡರು. ಅಂಚೆ ಕಚೇರಿಯ ಪಕ್ಕದ ದಿನಸಿಯವಳು ಮಾತ್ರ ಸಿಟ್ಟಾದಳು: ಇಷ್ಟು ವರ್ಷ ಇಲ್ಲದ ಲೆಕ್ಕ ಈಗ ಯಾಕೆ, ಯಾರು ಹೇಳಿಕೊಟ್ಟರು? ಪ್ರತಿದಿನ ಸಂಜೆ ಅಂದಿನ ಪಟ್ಟಿ ಆಡಿಟರಿಗೆ ಹೋಗುತ್ತಿತ್ತು, ಪ್ರತಿದಿನ ಬೆಳಿಗ್ಗೆ ಎರಡು ಮೂರು ಪ್ರಶ್ನೆಗಳೊಂದಿಗೆ ವಾಪಸು ಬರುತ್ತಿತ್ತು. ತಕ್ಕಡಿಯಮ್ಮ ಆ ಪ್ರಶ್ನೆಗಳಿಗಾಗಿ ಕಾಯತೊಡಗಿದ್ದರು. ತನ್ನ ಅಂಗಡಿಯ ಬಗ್ಗೆ ತನಗೇ ಇಷ್ಟೊಂದು ಗೊತ್ತಿಲ್ಲವೆಂಬುದು ಅವರಿಗೆ ವಿಚಿತ್ರವಾಗಿ ಕಂಡಿತ್ತು.

ಇಪ್ಪತ್ತಾರು ಜನರ ವಿಷಯ ಇತ್ಯರ್ಥವಾಯಿತು. ಹನ್ನೊಂದು ಜನ ಸಿಗಲೇ ಇಲ್ಲ. ಕೊನೆಯ ದಿನಕ್ಕೆ ಮೊದಲಿನ ಸಂಜೆ ಆಡಿಟರ್ ಸಹಿ ಹಾಕಿದರು. ಕೊನೆಯ ಪುಟದಲ್ಲಿ ಐದು ಸಾಲಿನ ಟಿಪ್ಪಣಿ ಸೇರಿಸಿದರು: ಹನ್ನೊಂದು ಯಂತ್ರಗಳ ಮಾಲೀಕರು ಪತ್ತೆಯಾಗಿಲ್ಲ, ಅವರ ಠೇವಣಿ ಪ್ರತ್ಯೇಕ ಖಾತೆಯಲ್ಲಿದೆ, ಹಿಂದಿನ ವರ್ಷಗಳ ಪುಸ್ತಕದಲ್ಲಿ ಇದನ್ನು ನಮೂದಿಸಿರಲಿಲ್ಲ.

ಭಾವ ಅದನ್ನು ಓದಿ ಹಣೆ ಒತ್ತಿಕೊಂಡರು. "ನಮ್ಮ ತಪ್ಪಿಗೆ ನಾವೇ ಫ್ರೇಮ್ ಹಾಕಿಸಿ ಕೊಟ್ಟ ಹಾಗಾಯ್ತು."

ಎರಡು ವಾರದ ಮೇಲೆ ಆಸ್ಪತ್ರೆಯ ಉಗ್ರಾಣದ ಅಧಿಕಾರಿ ತಕ್ಕಡಿಯಮ್ಮನನ್ನು ಕರೆಸಿದರು. ಮೇಜಿನ ಮೇಲೆ ಐದು ಅರ್ಜಿಗಳಿದ್ದವು.

"ಉಳಿದ ನಾಲ್ಕರಲ್ಲಿ ಇಂಥ ಟಿಪ್ಪಣಿ ಒಂದೂ ಇಲ್ಲ," ಎಂದರು ಅಧಿಕಾರಿ. "ಯಾಕೆ ಬರೆಸಿದ್ರಿ?"

"ನಾನು ಬರೆಸಿದ್ದಲ್ಲ ಸರ್, ಆಡಿಟರ್ ಬರೆದದ್ದು. ನಾನು ಬೇಡ ಅನ್ಲಿಲ್ಲ, ಅಷ್ಟೇ."

"ಬೇಡ ಅಂದಿದ್ರೆ?"

"ಬೇರೆ ಆಡಿಟರ್ ನೋಡ್ಕೋಬೇಕಿತ್ತು."

ಅಧಿಕಾರಿ ಟಿಪ್ಪಣಿಯನ್ನು ಇನ್ನೊಮ್ಮೆ ಓದಿದರು. ನಮ್ಮ ಯಂತ್ರ ನಿಮ್ಮ ಅಂಗಡಿಗೆ ಬಂದರೆ ಬದಲಿ ಯಾವುದು, ಚೀಟಿ ಯಾರು ಬರೆಯುತ್ತಾರೆ, ಪುಸ್ತಕದಲ್ಲಿ ಎಲ್ಲಿ ಕಾಣುತ್ತದೆ ಎಂದು ಮುಕ್ಕಾಲು ಗಂಟೆ ಕೇಳಿದರು. ತಕ್ಕಡಿಯಮ್ಮ ಎಲ್ಲದಕ್ಕೂ ಉತ್ತರ ಕೊಟ್ಟರು. ಒಂದಕ್ಕೆ ಮಾತ್ರ, ನಾಳೆ ನೋಡಿ ಹೇಳುತ್ತೇನೆ ಎಂದರು.

ಟೆಂಡರ್ ಅವರಿಗೇ ಸಿಕ್ಕಿತು. ಆದರೆ ಕೇಳಿದ್ದ ಮೂರು ವರ್ಷಕ್ಕಲ್ಲ, ಒಂದೇ ವರ್ಷಕ್ಕೆ. ಆ ಹನ್ನೊಂದು ಠೇವಣಿಗಳ ವಿಷಯ ಮುಂದಿನ ಲೆಕ್ಕಪತ್ರದಲ್ಲಿ ಏನಾಗಿದೆ ಎಂದು ನೋಡಿ ಉಳಿದದ್ದು ತೀರ್ಮಾನಿಸುವುದಾಗಿ ಆಸ್ಪತ್ರೆ ಬರೆದಿದೆ. ಒಂದನೇ ತಾರೀಕು ಬೆಳಿಗ್ಗೆ ಏಳಕ್ಕೆ ತಕ್ಕಡಿಯಮ್ಮ ಮತ್ತು ಭಾವ ಹಸುಗೂಸುಗಳ ವಾರ್ಡಿನಿಂದ ಕೆಲಸ ಆರಂಭಿಸುತ್ತಾರೆ. ಅಲ್ಲಿ ಒಂಬತ್ತು ಯಂತ್ರಗಳಿವೆ.