ಎರಡು ದೇಶ, ಒಂದು ಜೊತೆ ಕುರ್ಚಿ

ನಿವೃತ್ತಿಗೆ ಎರಡು ವರ್ಷವಿದ್ದಾಗ ನಾನು ಬೆಂಗಳೂರಿನಲ್ಲಿ ಪ್ರೋಟೋಕಾಲ್ ಅಧಿಕಾರಿಯಾಗಿದ್ದೆ. ವಿದೇಶಿ ಗಣ್ಯರು ಬಂದಾಗ ಯಾರು ಎಲ್ಲಿ ಕೂರಬೇಕು, ಯಾವ ಬಾವುಟ ಎಲ್ಲಿರಬೇಕು ಎಂದು ನೋಡಿಕೊಳ್ಳುವುದೇ ಪ್ರೋಟೋಕಾಲ್. ಮದುವೆಮನೆಯಲ್ಲಿ ಬೀಗರ ಉಪಚಾರ ಮಾಡುವವರ ಪಾಡೇ ನಮ್ಮದು. ಎಲ್ಲ ಸರಿಹೋದರೆ ಯಾರಿಗೂ ನಮ್ಮ ನೆನಪಿರುವುದಿಲ್ಲ.

ಆ ವರ್ಷ ಅಕ್ಕಪಕ್ಕದ ಎರಡು ದೇಶಗಳು ಹೆಬ್ಬಾಳದ ಹೋಟೆಲೊಂದರಲ್ಲಿ ಒಪ್ಪಂದಕ್ಕೆ ಸಹಿ ಹಾಕುವುದಿತ್ತು. ಹೆಸರು ಬೇಡ, ಒಂದು ಬಹಳ ದೊಡ್ಡದು, ಇನ್ನೊಂದು ಬಹಳ ಚಿಕ್ಕದು. ಚಿಕ್ಕ ದೇಶದ ದನಗಳಿಗೆ ಕಾಲುಬಾಯಿ ಜ್ವರ ಬಂತೆಂದು ದೊಡ್ಡ ದೇಶ ಗಡಿ ಮುಚ್ಚಿತ್ತು. ಜ್ವರ ಹೋದರೂ ಗಡಿ ತೆರೆಯಲಿಲ್ಲ. ಕೊಳ್ಳುವವರಿಲ್ಲದೆ ಅಲ್ಲಿನ ಹಾಲು ಚರಂಡಿ ಸೇರುತ್ತಿತ್ತು. ಗಡಿ ತೆರೆಯುವ ಒಪ್ಪಂದಕ್ಕೆ ಒಬ್ಬರ ನೆಲದಲ್ಲಿ ಇನ್ನೊಬ್ಬರು ಸಹಿ ಹಾಕಲು ಒಪ್ಪದ್ದರಿಂದ ಮೂರನೆಯವರಾದ ನಮ್ಮಲ್ಲಿಗೆ ಬಂದಿದ್ದರು.

ಬೆಳಿಗ್ಗೆ ದೊಡ್ಡ ದೇಶದ ಅಧಿಕಾರಿಗಳು ಎತ್ತರದ ಕುರ್ಚಿಯೊಂದನ್ನು ತಂದು ವೇದಿಕೆಯ ಮೇಲಿಟ್ಟರು. ಅವರ ಸಚಿವರಿಗೆ ಬೆನ್ನುನೋವಂತೆ, ಹೋಟೆಲಿನ ಕುರ್ಚಿ ಆಗದಂತೆ. ಪಕ್ಕದ ಕುರ್ಚಿ ಅದರ ಮುಂದೆ ಶಿಶುವಿಹಾರದ್ದರಂತೆ ಕಂಡಿತು. ಚಿಕ್ಕ ದೇಶದ ಸಚಿವೆ ಅರವತ್ತು ದಾಟಿದ ಹೆಂಗಸು. ಅವರು ಅದನ್ನು ನೋಡಿ, ನಾನು ಕೂರುವುದಿಲ್ಲ ಎಂದುಬಿಟ್ಟರು. ನಾನು ಮೆಲ್ಲಗೆ ಹಾಲಿನ ಮಾತು ತೆಗೆದೆ.

“ಚೆಲ್ಲುತ್ತಿರುವ ಹಾಲಿನಲ್ಲಿ ನನ್ನ ಅಕ್ಕನ ಕೊಟ್ಟಿಗೆಯದೂ ಇದೆ,” ಎಂದರು. “ಆದರೆ ಇವತ್ತು ತಗ್ಗಿ ಕೂತರೆ ನಾಳೆಯಿಂದ ಎಲ್ಲದಕ್ಕೂ ತಗ್ಗಬೇಕಾಗುತ್ತದೆ.”

ಅಂಥ ಇನ್ನೊಂದು ಕುರ್ಚಿಗಾಗಿ ಎಲ್ಲೆಲ್ಲೋ ಫೋನ್ ಮಾಡಿ ಸೋತೆ. ಆಗ ಹಿಂದಿನ ವಾರ ಯಲಹಂಕದಲ್ಲಿ ಉಂಡು ಬಂದ ಮದುವೆ ನೆನಪಾಯಿತು. ಗಂಡುಹೆಣ್ಣಿನ ಆರತಕ್ಷತೆ ಕುರ್ಚಿಗಳು! ಎತ್ತರದ ಬೆನ್ನು, ದಪ್ಪ ಮೆತ್ತೆ. ಆ ಮದುವೆ ನಡೆದ ಛತ್ರವನ್ನು ತಮ್ಮ ಹೊಲದಲ್ಲೇ ಕಟ್ಟಿಸಿದ್ದ ಮುನಿರಾಜಣ್ಣನಿಗೆ ಫೋನ್ ಮಾಡಿ, ಎರಡೂ ಸಮನಾಗಿವೆಯೇ ಎಂದು ಕೇಳಿದೆ.

“ಒಂದ್ ಬೆರಳು ಹೆಚ್ಕಮ್ಮಿ ಆದ್ರೂ ಬೀಗ್ರು ಸುಮ್ನೆ ಬಿಡ್ತಾರಾ ಮೇಡಂ? ಅಳತೆ ಹಿಡಿದು ಮಾಡ್ಸಿರೋದು ಕಣ್ರೀ,” ಎಂದರು.

ಕುರ್ಚಿ ಹೊತ್ತ ಟೆಂಪೊ ಫ್ಲೈಓವರ್ ಟ್ರಾಫಿಕ್ ದಾಟಿ ಬರುವಷ್ಟರಲ್ಲಿ ನನ್ನ ಜೀವ ಬಾಯಿಗೆ ಬಂದಿತ್ತು. ಕೆಂಪು ಮಕಮಲ್ಲು, ಚಿನ್ನದ ಬಣ್ಣದ ಸಿಂಹಮುಖದ ಕೈಗಳು. ಸಾಲದ್ದಕ್ಕೆ, ಛತ್ರದವರು ರೂಢಿಯಂತೆ ಎರಡಕ್ಕೂ ಮಲ್ಲಿಗೆ ಸುತ್ತಿ ಕಳಿಸಿದ್ದರು. ಬಿಚ್ಚಲು ಸಮಯವಿರಲಿಲ್ಲ. ದೊಡ್ಡ ದೇಶದ ಅಧಿಕಾರಿಗಳು ಮೆತ್ತೆ ಒತ್ತಿ ನೋಡಿ, ಗೊಣಗುತ್ತಲೇ ಒಪ್ಪಿದರು.

ಇಬ್ಬರು ಸಚಿವರೂ ಬಂದು ಕೂತರು. ದೊಡ್ಡ ದೇಶದ ಸಚಿವರು ಬೆನ್ನು ಆನಿಸಿ, ಇದು ಯಾವ ಕುರ್ಚಿ ಎಂದು ಕೇಳಿದರು. ಸುಳ್ಳು ಹೇಳಲು ಬಾಯಿ ಬರಲಿಲ್ಲ, ಮದುಮಕ್ಕಳದು ಎಂದೆ. ಅವರು ಗಹಗಹಿಸಿ ನಕ್ಕು, ಹಾಗಾದರೆ ನಮ್ಮಲ್ಲಿ ಯಾರು ಯಾರ ಮನೆಗೆ ಹೋಗಬೇಕು ಎಂದರು.

“ಯಾರೂ ಹೋಗುವುದು ಬೇಡ,” ಎಂದರು ಸಚಿವೆ. “ಅವರವರ ಮನೆಯಲ್ಲೇ ಇರೋಣ. ನಡುವಿನ ಬಾಗಿಲು ತೆರೆದಿರಲಿ.”

ಮೊದಲು ಚಪ್ಪಾಳೆ ತಟ್ಟಿದವರು ದೊಡ್ಡ ದೇಶದ ಸಚಿವರೇ. ಸಹಿ ಆಯಿತು. ನನಗಾದ ಖುಷಿಗೆ ಊಟದ ಹೊತ್ತಿನಲ್ಲಿ ಎರಡು ಹೋಳಿಗೆ ಹೆಚ್ಚೇ ತಿಂದೆ.

ಆ ಕುರ್ಚಿಯಿಂದ ದೊಡ್ಡ ದೇಶದ ಬಲವೇನೂ ಕುಗ್ಗಲಿಲ್ಲ, ಚಿಕ್ಕದರ ಸೈನ್ಯವೂ ಬೆಳೆಯಲಿಲ್ಲ. ಹೊರಗೆ ಸಮಾನತೆ ಇಲ್ಲದಿರುವುದರಿಂದಲೇ ಸಹಿ ಹಾಕುವ ಮೇಜಿನ ಮುಂದಾದರೂ ಅದು ಇರಬೇಕು ಎಂಬುದನ್ನು ನನ್ನ ಕೆಲಸ ನನಗೆ ಅಂದು ಕಲಿಸಿತು.

ಕೆಲವು ದಿನಗಳ ಮೇಲೆ ಸಚಿವೆಯಿಂದ ಫೋಟೊ ಬಂತು: ಹಾಲಿನ ಲಾರಿಗಳು ಗಡಿ ದಾಟುತ್ತಿದ್ದವು. ಯಲಹಂಕಕ್ಕೇ ಹೋಗಿ ಮುನಿರಾಜಣ್ಣನಿಗೆ ನಡೆದದ್ದೆಲ್ಲ ಹೇಳಿ ತೋರಿಸಿದೆ. ಅವರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು.

“ಬೀಗ್ರು ಅನ್ಯೋನ್ಯವಾಗವ್ರೆ ಅನ್ನಿ,” ಎಂದರು.