ರನ್‌ವೇ ಮೇಲೆ ಸಂಡಿಗೆ

ಆ ದಿನ ಮಧ್ಯಾಹ್ನ ಮೂರು ಇಪ್ಪತ್ತಕ್ಕೆ ಎಲ್ಲ ಕೆಡಲು ಶುರುವಾಗಿತ್ತು. ಇವತ್ತು ಭೇಲೂಪುರದ ನಮ್ಮ ಎದುರುಮನೆಯ ತಾರಸಿಯಲ್ಲಿ ಯಾರೋ ಬಿಳಿ ಧೋತರ ಒಣಹಾಕಿದ್ದು ಕಂಡಿತು ನೋಡಿ, ಎದೆ ಮತ್ತೆ ಧಸಕ್ಕೆಂದಿತು.

ಕಾಶಿಯಲ್ಲಿ ಸಂಡಿಗೆ ಹಾಕುವ ಕಷ್ಟ ನಿಮಗೆ ಗೊತ್ತಿರಲಿಕ್ಕಿಲ್ಲ. ಬಿಸಿಲಿಗೆ ಬರವಿಲ್ಲ, ಆದರೆ ತಾರಸಿಗಳೆಲ್ಲ ಮಂಗಗಳವು. ಬಾಡಿಗೆ ಮಾತ್ರ ನಮ್ಮದು. ಬ್ಯಾಂಕಿನ ವರ್ಗಾವಣೆಯಲ್ಲಿ ಇಲ್ಲಿಗೆ ಬಂದ ನಾನು ಅಂಗಡಿಯ ಹಪ್ಪಳಕ್ಕೆ ಶರಣಾಗಿದ್ದೆ. ಆದರೆ ನಮ್ಮ ಬೀದಿಯಲ್ಲೇ ಇರುವ ರೈಲ್ವೆ ನೌಕರರ ಹೆಂಡತಿ, ಹುಬ್ಬಳ್ಳಿಯ ಗಿರಿಜಕ್ಕ ಸೋಲುವವರಲ್ಲ. ಸಾರನಾಥದಾಚೆ ಹೊಲಗಳ ನಡುವೆ ಒಂದು ಪುಟ್ಟ ವಿಮಾನ ನಿಲ್ದಾಣವಿದೆ. ತರಬೇತಿಯ ಒಂದೆರಡು ವಿಮಾನ, ಬೇಲಿಯಾಚೆ ಎಮ್ಮೆ, ಇಷ್ಟೇ. ಅವರ ಮಗಳು ಸ್ಮಿತಾ ಅಲ್ಲಿ ಹಾರಲು ಕಲಿಯುತ್ತಿದ್ದಳು. ಮಗಳನ್ನು ಬಿಡಲು ಹೋದಾಗಲೆಲ್ಲ ತಾಯಿ ರನ್‌ವೇ ತುದಿಯ ಕಾಂಕ್ರೀಟಿನ ಮೇಲೊಂದು ಧೋತರ ಹಾಸಿ ಸಂಡಿಗೆ ಒಣಗಿಸುತ್ತಿದ್ದರು. ಯಾರೂ ಬೇಡವೆಂದಿರಲಿಲ್ಲ.

ಸ್ಮಿತಾ ಮೊದಲ ಸಲ ಒಬ್ಬಳೇ ಹಾರುವ ದಿನ ನಾನೂ ಜೊತೆಗೆ ಹೋದೆ. ಆ ಸಂತೋಷಕ್ಕೆ ಸಂಡಿಗೆಯೂ ಇಮ್ಮಡಿಯಾಗಿ, ಧೋತರ ಎರಡಾಗಿದ್ದವು. ಗಿರಿಜಕ್ಕ ಒಂದರ ಮೇಲೊಂದು ಕತ್ತರಿಯಾಕಾರದಲ್ಲಿ ಹಾಸಿದರು.

“ಹಿಂಗ ಹಾಸಿದ್ರ ನಡುವ ಒಂದ ಕಲ್ಲು ಸಾಕು ನೋಡ್ರಿ. ಗಾಳಿಗೆ ಹಾರಂಗಿಲ್ಲ.”

ನಾನು ಎಂ.ಎಸ್ಸಿ. ಮಾಡಿದವಳು, ಹೌದೆಂದು ತಲೆಯಾಡಿಸಿದೆ.

ಮೂರು ಇಪ್ಪತ್ತಕ್ಕೆ, ಆಕಾಶದಲ್ಲಿ ಸುತ್ತು ಹೊಡೆದು ಇಳಿಯಲು ಬಂದ ಸ್ಮಿತಾಳ ವಿಮಾನ ನಮ್ಮ ತಲೆಯ ಮೇಲೆ ಭರ್ರೆಂದು ಮತ್ತೆ ಮೇಲೇರಿತು.

“ನಮ್ಮನ್ನ ನೋಡಿ ನಾಚಿದ್ಲೇನ?” ಎಂದು ಗಿರಿಜಕ್ಕ ನಕ್ಕರು. ಮತ್ತೆ ಬಂದಿತು, ಮತ್ತೆ ಏರಿತು. ಆಗ ಪಶ್ಚಿಮದಲ್ಲಿ ಆಕಾಶ ಕಂದುಗಟ್ಟಿತ್ತು. ಇಲ್ಲಿಯವರು ಆಂಧಿ ಎನ್ನುವ ಧೂಳಿನ ಬಿರುಗಾಳಿ ಅದು.

ತರಬೇತುದಾರರು ಧೋತರ ತೆಗೆಯಿರೆಂದು ಕೈಬೀಸುತ್ತ ಓಡಿಬಂದರು. “ಮಾತಾಜೀ, ಹಟಾಯಿಯೇ! ಜಲ್ದೀ!” ರನ್‌ವೇ ಮೇಲೆ ನಮ್ಮ ಧೋತರಗಳ ಹಾಗೆ ಬಿಳಿ ‘ಎಕ್ಸ್’ ಗುರುತಿದ್ದರೆ ರನ್‌ವೇ ಮುಚ್ಚಿದೆ, ಇಳಿಯಬೇಡ ಎಂದರ್ಥವಂತೆ. ಹುಡುಗಿ ಕಲಿತದ್ದನ್ನೇ ಪಾಲಿಸುತ್ತಿದ್ದಳು. ಅವರು ರೇಡಿಯೋದಲ್ಲಿ ಕೂಗಿದ್ದು ಅವಳಿಗೆ ಕೇಳುತ್ತಿರಲಿಲ್ಲ.

 ಗಿರಿಜಕ್ಕ ಕಲ್ಲು ಒದ್ದು, ಎರಡೂ ಧೋತರ ಬಾಚಿ, ಸಂಡಿಗೆ ಚೆಲ್ಲುತ್ತ ಓಡಿದರು. ಧೂಳು ಬೇಲಿ ಮುಟ್ಟುವಾಗ ವಿಮಾನ ಒಂದು ರೆಕ್ಕೆ ವಾಲಿಸಿ ಬಂತು. ಒಂದು ಚಕ್ರ ನೆಲ ತಾಗಿ ಪುಟಿಯಿತು. ಆಮೇಲೆ ಇನ್ನೊಂದು. ನಿಂತಿತು.

ಸ್ಮಿತಾ ಇಳಿದವಳೇ, “ಮಮ್ಮೀ, ಪಾಗಲ್ ಆಗೀಯೇನು? ನಾ ಎಲ್ಲಿ ಇಳೀಬೇಕಿತ್ತು, ಗಂಗಾಜೀಯೊಳಗ?” ಎಂದಳು.

“ಮೊದಲ ನೀರು ಕುಡಿ,” ಎಂದ ತಾಯಿ ಬಾಟಲಿಯನ್ನು ಮಗಳ ಕೈಗಿಟ್ಟರು. ಅವಳು ಕುಡಿದು ಮುಗಿಸಿದ ಮೇಲೆ, “ಹಾರೋದು ಇನ್ನ ಸಾಕು,” ಎಂದರು.

“ನೀ ಸಂಡಿಗಿ ಬಿಡು, ನಾ ಹಾರೋದು ಬಿಡ್ತೀನಿ.”

ಗಿರಿಜಕ್ಕ ಉಳಿದ ಸಂಡಿಗೆಯನ್ನು ಧೋತರದಲ್ಲಿ ಗಂಟು ಕಟ್ಟಿದರು.

ಅಂದಿನಿಂದ ನನ್ನ ನಿದ್ದೆ ಹೋಯಿತು. ಫ್ಯಾನು ತಿರುಗಿದರೆ ವಿಮಾನ, ಕಣ್ಣು ಮುಚ್ಚಿದರೆ ವಾಲಿದ ರೆಕ್ಕೆ. ಬ್ಯಾಂಕಿನಲ್ಲಿ ತೂಕಡಿಸಿ, ಗ್ರಾಹಕರೊಬ್ಬರಿಗೆ ‘ಇಳಿಯಿರಿ’ ಎಂದುಬಿಟ್ಟೆ.

ಕೆಲವು ವಾರಗಳಾದ ಮೇಲೆ ಸ್ಮಿತಾ ಮತ್ತೆ ಒಬ್ಬಳೇ ಹಾರಿದಳು. ಗಿರಿಜಕ್ಕ ಅಲ್ಲಿಗೆ ಹೋಗಲಿಲ್ಲ. ಬೇಡವೆನ್ನಲೂ ಇಲ್ಲ. ನಮ್ಮ ಮನೆಗೆ ಬಂದು ಒಂದು ಬುಟ್ಟಿ ಬೆಳ್ಳುಳ್ಳಿ ಸುಲಿದರು, ಎಸಳನ್ನು ಸಿಪ್ಪೆಯ ಪಾತ್ರೆಗೆ ಹಾಕುತ್ತ. ಕೊನೆಗೆ ನನ್ನ ಫೋನು ರಿಂಗಾಯಿತು.

“ಆಂಟಿ, ಇಳಿದೆ. ಏಕ್‌ದಮ್ ಮಖ್ಖನ್, ಬೆಣ್ಣಿ ಹಂಗ! ಮಮ್ಮಿಗೆ ಹೇಳ್ರಿ, ಉಸಿರಾಡಲಿ.”

ಅವತ್ತು ಮಲಗಿದ್ದಷ್ಟೇ ನೆನಪು. ಎಚ್ಚರವಾದಾಗ ಬಿಸಿಲು ಹಾಸಿಗೆಗೆ ಬಂದಿತ್ತು, ಹಾಲಿನವನು ಬಾಗಿಲು ಬಡಿದು ಬಡಿದು ಹೋಗಿದ್ದ. ಗಿರಿಜಕ್ಕನಿಗೆ ಫೋನ್ ಮಾಡಿದೆ. ಬಹಳ ಹೊತ್ತಿನ ಮೇಲೆ ಎತ್ತಿಕೊಂಡರು, ದನಿಯಲ್ಲಿನ್ನೂ ನಿದ್ದೆ.

“ಯಾಕ್ರೀ ಇಷ್ಟ ಲಗೂ ಎಬ್ಬಿಸಿದ್ರಿ?”